ಅನಿಸಿಕೆಮಣಿದರ್ಪಣಂ

ಹತ್ತನೇ ತರಗತಿಯ ಬೀಳ್ಕೊಡುಗೆ ಸಮಾರಂಭದಲ್ಲಿ ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ ಎಲ್ಲ ಮುಗಿದು, ಪಲಾವಿನ ಪಾತ್ರೆಯ ಮುಚ್ಚಳ ತೆಗೆಯುವುದಕ್ಕೆ ಮುಂಚೆ, ಮಕ್ಕಳು ಒಬ್ಬೊಬ್ಬರಾಗಿ ಮೈಕಿನ ಮುಂದೆ ಬಂದು ಮೂರು ವರ್ಷದ ಲೆಕ್ಕ ಒಪ್ಪಿಸುತ್ತಾರಲ್ಲ, ಅದಕ್ಕೆ ಅನಿಸಿಕೆ ಎಂದು ಹೆಸರು. ಕೇಶಿರಾಜ 13ನೇ ಶತಮಾನದಲ್ಲಿ ಕನ್ನಡವನ್ನು ಸೂತ್ರ, ವೃತ್ತಿ, ಪ್ರಯೋಗ ಎಂದು ಹದ್ದುಬಸ್ತಿಗೆ ತಂದನಾದರೂ ಈ ಪ್ರಕಾರದ ತಂಟೆಗೆ ಹೋಗಲಿಲ್ಲ. ಅವನ ಕಾಲಕ್ಕೆ ಎಸ್ಸೆಸ್ಸೆಲ್ಸಿ ಇರಲಿಲ್ಲ ಎಂದು ಬೇಕಾದರೆ ಸಮಾಧಾನ ಮಾಡಿಕೊಳ್ಳಬಹುದು. ತಿಪಟೂರು, ಅರಸೀಕೆರೆ ನಡುವಿನ ರೈಲು ಹಾದಿಯ ಪಕ್ಕದ ಒಂದು ಹೋಬಳಿ ಊರಿನ ಅನುದಾನಿತ ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರಾಗಿದ್ದ ನಾನು ಇಪ್ಪತ್ತೊಂಬತ್ತು ಬೀಳ್ಕೊಡುಗೆಗಳನ್ನು ಮುಂದಿನ ಸಾಲಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಕೇಳಿದ್ದೇನೆ. ಇಷ್ಟು ಕೇಳಿದ ಮೇಲೆ ಒಂದು ಶಾಸ್ತ್ರ ಬರೆಯದೆ ಬಿಟ್ಟರೆ ಪಾಪ ಬರುತ್ತದೆ.

ಮೊದಲು ಶಬ್ದನಿಷ್ಪತ್ತಿ. 'ಅನಿಸು' ಧಾತು, 'ಇಕೆ' ಪ್ರತ್ಯಯ. ನಂಬಿಕೆ, ಗಳಿಕೆ, ತೆಗಳಿಕೆಗಳು ಇದರ ದಾಯಾದಿಗಳು. ಈ ಧಾತುವಿನ ಸ್ವಭಾವ ವಿಚಿತ್ರ. 'ನಾನು ಅನಿಸುತ್ತೇನೆ' ಎಂದು ಯಾರೂ ಹೇಳುವುದಿಲ್ಲ, 'ನನಗೆ ಅನಿಸುತ್ತದೆ' ಎನ್ನುತ್ತೇವೆ. ಚತುರ್ಥಿ ವಿಭಕ್ತಿ. ಹಸಿವು, ನಿದ್ದೆ, ಜ್ವರಗಳ ಹಾಗೆ ಅದು ತಾನಾಗಿ ಬರಬೇಕು. ನಮ್ಮಲ್ಲಾದರೋ ಯಾರ್ಯಾರಿಗೆ ಅನಿಸಬೇಕು ಎಂಬ ಪಟ್ಟಿಯನ್ನು ಕ್ಲಾಸ್ ಟೀಚರು ಹಿಂದಿನ ದಿನವೇ ಮಾಡಿರುತ್ತಾರೆ: ಹುಡುಗರು ಐದು, ಹುಡುಗಿಯರು ಐದು, ತಲಾ ಎರಡು ನಿಮಿಷ. ಶಾಸ್ತ್ರಕ್ಕೂ ಪ್ರಯೋಗಕ್ಕೂ ಮೊದಲ ಜಗಳ ಇಲ್ಲೇ ಶುರು.

ಇನ್ನು ಸಾಮಗ್ರಿ. ಹದಿನೈದು ವರ್ಷದವರು ತಿರುಗಿ ನೋಡಿದರೆ ಕಾಣುವುದಾದರೂ ಎಷ್ಟು? ಎಂಟು, ಒಂಬತ್ತು, ಹತ್ತು. ಇದರಲ್ಲಿ ಹತ್ತನ್ನು ವರ್ಷ ಎನ್ನುವುದೇ ಕಷ್ಟ. ಬೆಳಿಗ್ಗೆ ಸ್ಪೆಷಲ್ ಕ್ಲಾಸು, ಸಂಜೆ ಗುಂಪು ಅಧ್ಯಯನ, ಮಧ್ಯೆ ಕಿರುಪರೀಕ್ಷೆ, ಅರ್ಧವಾರ್ಷಿಕ, ಪೂರ್ವಸಿದ್ಧತಾ, ಓದಿನಲ್ಲಿ ಹಿಂದಿದ್ದವರಿಗೆ ಪಾಸಿಂಗ್ ಪ್ಯಾಕೇಜು. ಒಟ್ಟು 625 ಅಂಕದ ಸುತ್ತ ಗಾಣದೆತ್ತು ಸುತ್ತಿದ ಹಾಗೆ ಸುತ್ತಿದವರನ್ನು ತಂದು ನಿಲ್ಲಿಸಿ 'ನಿಮ್ಮ ಸವಿನೆನಪು ಹೇಳಿ' ಎನ್ನುತ್ತೇವೆ.

ಮೈಕಿನ ಮುಂದೆ ನಿಂತೊಡನೆ ಕಾಣಿಸುವ ದೇಹಲಕ್ಷಣಗಳನ್ನು ಭರತಮುನಿ ಆಗಲೇ ವಿಂಗಡಿಸಿಟ್ಟಿರುವುದರಿಂದ ನನಗೆ ಶ್ರಮ ಕಡಿಮೆ. ನಾಟ್ಯಶಾಸ್ತ್ರದ ಎಂಟು ಸಾತ್ವಿಕ ಭಾವಗಳೂ ಒಂದೇ ಮಧ್ಯಾಹ್ನದಲ್ಲಿ ನಮ್ಮ ಶಾಮಿಯಾನದ ಕೆಳಗೆ ಕಂಡಿವೆ. ಸ್ತಂಭ, ಎಂದರೆ ಮರಗಟ್ಟಿ ನಿಲ್ಲುವುದು, ಸರ್ವೇಸಾಮಾನ್ಯ. ಸ್ವೇದ ಮಾರ್ಚಿಯ ಕೊಡುಗೆಯಾದ್ದರಿಂದ ಅದನ್ನು ಭಾವದ ಖಾತೆಗೆ ಹಾಕಬಾರದು. ಸ್ವರಭೇದವನ್ನು ಕಂಡು ಮುಖ್ಯ ಅತಿಥಿಗಳು ಕರ್ಚೀಫು ತೆಗೆಯುವುದುಂಟು. ಆ ವಯಸ್ಸಿನ ಹುಡುಗರಿಗೆ ಗಂಟಲು ಹೇಗೂ ಒಡೆದಿರುತ್ತದೆ, ಒಂಬತ್ತರ ಮಗ್ಗಿ ಹೇಳಿಸಿದರೂ ಹಾಗೆಯೇ ಕೇಳಿಸುತ್ತದೆ. ಪ್ರಲಯ, ಅಂದರೆ ಮೂರ್ಛೆ, ನಾನು ಕಂಡದ್ದು ಒಂದೇ ಸಲ. ಸರಸ್ವತಿ ಪೂಜೆ ಮುಗಿಯುವವರೆಗೆ ತಿಂಡಿ ತಿನ್ನುವುದಿಲ್ಲ ಎಂದು ವ್ರತ ಹಿಡಿದಿದ್ದ ಹುಡುಗಿ. ಸಕ್ಕರೆ ನೀರು ಕುಡಿಸಿದ ಮೇಲೆ ಎದ್ದು ಕೂತು ಮೊದಲು ಕೇಳಿದ್ದು, 'ಸಾ, ನನ್ನ ಸರದಿ ಹೋಯ್ತಾ?'

ಈಗ ಮುಖ್ಯ ವಿಂಗಡಣೆ. ನಮ್ಮ ಪಿ.ಟಿ. ಮೇಷ್ಟ್ರ ಪೂರ್ವಪಕ್ಷ ಹೀಗಿದೆ: ಅನಿಸಿಕೆಗಳಲ್ಲಿ ಎರಡೇ ವಿಧ, ಊಟಕ್ಕೆ ಮುಂಚಿನವು, ಊಟ ತಡಮಾಡುವಂಥವು. ಇದು ಸ್ಥೂಲವಾಯಿತು. ನನ್ನ ಸಿದ್ಧಾಂತದ ಪ್ರಕಾರ ನೆನಪು ಮಾತಿಗೆ ಕೂಡಿಕೊಳ್ಳುವುದೂ ಒಂದು ಸಂಧಿಕಾರ್ಯವೇ. ಕನ್ನಡ ಸಂಧಿಗಳು ಮೂರು: ಲೋಪ, ಆಗಮ, ಆದೇಶ. ಅನಿಸಿಕೆಗಳೂ ಮೂರು. ಮಕ್ಕಳಿಗೆ ಮೂರು ವರ್ಷ ಬಾಯಿಪಾಠ ಮಾಡಿಸಿದ್ದು ಕೊನೆಗೆ ಅವರ ಮೇಲೇ ಪ್ರಯೋಗವಾಗುವುದನ್ನು ನೋಡುವ ಭಾಗ್ಯ ವ್ಯಾಕರಣದ ಮೇಷ್ಟ್ರಿಗಲ್ಲದೆ ಇನ್ಯಾರಿಗೆ?

ಲೋಪಾನಿಸಿಕೆ. ಉದಾಹರಣೆ: ಮಾತು + ಇಲ್ಲ = ಮಾತಿಲ್ಲ. ಕೂಡುವಾಗ ಏನೋ ಒಂದು ಬಿದ್ದುಹೋಗುತ್ತದೆ. ಕೈವಾರದ ಮೊನೆಯಿಂದ ಡೆಸ್ಕಿನ ಮೇಲೆ ಕೆತ್ತಿದ ಹೆಸರುಗಳು, ಅದಕ್ಕೆ ಕಟ್ಟಿದ ದಂಡ, ಒಂಬತ್ತನೆಯಲ್ಲಿ ಗಣಿತಕ್ಕೆ ಬಂದ ಹನ್ನೊಂದು ಅಂಕ, ಇವೆಲ್ಲ ಬೀಳುವುದು ಸಹಜ. ಇನ್ನೊಂದು ಲೋಪ ಹಾಗಲ್ಲ. ಎಂಟನೆಯ ಹಾಜರಿ ಪುಸ್ತಕವನ್ನೂ ಹತ್ತನೆಯದನ್ನೂ ಪಕ್ಕಪಕ್ಕ ಇಟ್ಟರೆ ಕೆಂಪು ಶಾಯಿಯಲ್ಲಿ ಗೆರೆ ಎಳೆಸಿಕೊಂಡ ಹೆಸರುಗಳು ಕಾಣುತ್ತವೆ. ಒಬ್ಬ ಬೆಂಗಳೂರಿನ ಬೇಕರಿಗೆ ಹೋದ. ಒಬ್ಬ ಕೊಬ್ಬರಿ ಲಾರಿಯ ಕ್ಲೀನರ್ ಆದ. ಒಬ್ಬಳನ್ನು ದಸರಾ ರಜೆಯಲ್ಲಿ ಮಾವನ ಮನೆಗೆ ಕಳಿಸಿದವರು ಮತ್ತೆ ಸ್ಕೂಲಿಗೆ ಕಳಿಸಲಿಲ್ಲ. 'ನಾವೆಲ್ಲ ಒಂದೇ ಕುಟುಂಬದಂತೆ ಇದ್ದೆವು' ಎನ್ನುವ ವಾಕ್ಯ ಇಪ್ಪತ್ತೊಂಬತ್ತು ವರ್ಷವೂ ಬಂದಿದೆ. ಆ ಕುಟುಂಬದಿಂದ ಕಳೆದುಹೋದವರ ಹೆಸರು ಒಂದು ವರ್ಷವೂ ಬಂದಿಲ್ಲ. ಮಕ್ಕಳನ್ನು ದೂರಿ ಏನು, ಹೆಚ್ಚೆಮ್ಮರ ವರದಿಯಲ್ಲೂ ಬಂದಿಲ್ಲ. ಕೆಂಪು ಗೆರೆ ಎಳೆದವನು ನಾನೇ.

ಆಗಮಾನಿಸಿಕೆ. ಉದಾಹರಣೆಗಳು: ಶಾಲೆ + ಅಲ್ಲಿ = ಶಾಲೆಯಲ್ಲಿ, ಗುರು + ಅನ್ನು = ಗುರುವನ್ನು. ಎರಡು ಸ್ವರಗಳು ಡಿಕ್ಕಿ ಹೊಡೆಯದಿರಲಿ ಎಂದು ಎಲ್ಲಿಂದಲೋ ಒಂದು ಯ, ಒಂದು ವ ಬಂದು ಮಧ್ಯೆ ನಿಲ್ಲುತ್ತದೆ. ಹಾಗೆಯೇ ಎರಡು ಮೌನಗಳ ಮಧ್ಯೆ 'ಈ ಶಾಲೆ ನಮಗೆ ದೇಗುಲ', 'ಗುರುಗಳು ತಂದೆ ತಾಯಿಗೆ ಸಮಾನ' ಬಂದು ನಿಲ್ಲುತ್ತವೆ. ಈ ಎರಡನೆಯದನ್ನು ಒಮ್ಮೆ ಗಣಿತದ ಮೇಷ್ಟ್ರ ಮಗಳು ಗಣಿತದ ಮೇಷ್ಟ್ರನ್ನೇ ನೋಡುತ್ತ ಹೇಳಿದಳು. ತಂದೆಗೆ ಸಮಾನರಾದ ಅವಳ ತಂದೆ ಬಗ್ಗಿ ಚಪ್ಪಲಿಯ ಬಕಲ್ಲು ಸರಿಮಾಡಿಕೊಂಡರು.

ಆಗಮಗಳ ಮೂಲವನ್ನು ಹುಡುಕುವುದು ಗ್ರಂಥಸಂಪಾದನೆಯ ಕೆಲಸ. ನನ್ನ ಶೋಧದ ಪ್ರಕಾರ ನಮ್ಮ ಶಾಲೆಯಲ್ಲಿ ಚಲಾವಣೆಯಲ್ಲಿರುವ ಅನಿಸಿಕೆಗಳಿಗೆಲ್ಲ ಎರಡೋ ಮೂರೋ ಮಾತೃಕೆಗಳಿವೆ. ಅಕ್ಕನಿಂದ ತಮ್ಮನಿಗೆ, ಅಣ್ಣನಿಂದ ಪಕ್ಕದ ಮನೆಯವಳಿಗೆ ಹಾಳೆ ದಾಟುತ್ತದೆ. ಪ್ರತಿ ಮಾಡುವವರು ಮೂಲದಲ್ಲಿದ್ದುದನ್ನು ಬಿಡುವ ಧೈರ್ಯ ಮಾಡದಿರುವುದರಿಂದ ಪಾಠಾಂತರಗಳು ಕಡಿಮೆ. ಆ ಬಗೆಯ ನಿಷ್ಠೆ ಓಲೆಗರಿಯ ಲಿಪಿಕಾರರಲ್ಲೂ ಇರಲಾರದು. ಹಾಜರಿ ನಂಬರ್ 14 ಎಂಬವನು, ಮೀಸೆ ಚಿಗುರಿದ ಹುಡುಗ, ಗಟ್ಟಿ ದನಿಯಲ್ಲಿ 'ಈ ಶಾಲೆಯ ವಿದ್ಯಾರ್ಥಿನಿಯಾಗಿ ನನಗೆ ಹೆಮ್ಮೆಯಿದೆ' ಎಂದು ಓದಿ, ನಕ್ಕವರನ್ನು ದುರುಗುಟ್ಟಿ ನೋಡಿ, ಅದೇ ಸಾಲನ್ನು ಇನ್ನೊಮ್ಮೆ ಓದಿದ. ಪ್ರಕ್ಷಿಪ್ತಕ್ಕೆ ಇನ್ನೊಂದು ನಿದರ್ಶನ 'ದಿನವೂ ಆರು ಕಿಲೋಮೀಟರ್ ನಡೆದು ಬರುತ್ತಿದ್ದೆ' ಎಂಬ ವಾಕ್ಯ. 2006-07ರಲ್ಲಿ ಸರ್ಕಾರ ಎಂಟನೆಯವರಿಗೆ ಸೈಕಲ್ ಕೊಡಲು ಶುರುಮಾಡಿ, ಮೊದಲು ಹುಡುಗಿಯರೂ ಆಮೇಲೆ ಹುಡುಗರೂ ಬೆಲ್ಲು ಬಾರಿಸಿಕೊಂಡು ಬರಲಾರಂಭಿಸಿದ ಮೇಲೂ ಆ ವಾಕ್ಯ ನಡೆದುಕೊಂಡೇ ಬರುತ್ತಿತ್ತು. ಕೊನೆಯ ಸಲ ಅದನ್ನು ಓದಿದವನ ಮನೆ ಶಾಲೆಯ ಕಾಂಪೌಂಡಿಗೆ ತಾಗಿಕೊಂಡಿತ್ತು. ಮಧ್ಯಾಹ್ನದ ಬೆಲ್ಲು ಹೊಡೆದಾಗ ಅವನಮ್ಮ ಗೋಡೆಯ ಆಚೆಯಿಂದಲೇ 'ಮಜ್ಜಿಗೆ ಕುಡಿದು ಹೋಗೋ' ಎಂದು ಕೂಗುತ್ತಿದ್ದರು.

ಹೀಗೆಂದು ಇದನ್ನು ಸುಳ್ಳು ಎನ್ನಲು ನನಗೆ ಮನಸ್ಸಿಲ್ಲ. ಆ ಆರು ಕಿಲೋಮೀಟರನ್ನು ಯಾರೋ ಒಬ್ಬರು ನಡೆದಿದ್ದರು. ನಡೆದವರಿಗೆ ಮೈಕು ಸಿಕ್ಕಿರಲಿಲ್ಲ ಅಷ್ಟೆ.

ಆದೇಶಾನಿಸಿಕೆ. ಮಳೆ + ಕಾಲ = ಮಳೆಗಾಲ. ಗಡಸು ಅಕ್ಷರ ಹೋಗಿ ಅದರ ಜಾಗದಲ್ಲಿ ಮೆದು ಅಕ್ಷರ ಬಂದು ಕೂರುತ್ತದೆ: ಕ ಹೋಗಿ ಗ, ತ ಹೋಗಿ ದ, ಪ ಹೋಗಿ ಬ. ಬೀಳ್ಕೊಡುಗೆಯ ದಿನ ನೆನಪಿಸಿಕೊಳ್ಳಲು ಇದಕ್ಕಿಂತ ಒಳ್ಳೆಯ ಪ್ರಯೋಗವೂ ಇದೆ: ಕಣ್ + ಪನಿ = ಕಂಬನಿ. ಈ ವರ್ಗದ ಅನಿಸಿಕೆಗಳಲ್ಲಿ ಬೈಗುಳ ಹಿತವಚನವಾಗುತ್ತದೆ, ಬಿಸಿಲಿನಲ್ಲಿ ನಿಲ್ಲಿಸಿದ್ದು ಶಿಸ್ತಾಗುತ್ತದೆ, ಹೊಡೆತ ಪ್ರೀತಿಯಾಗುತ್ತದೆ. ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಂದು ಜಾರಿಗೆ ಬಂದು, ಅದರ 17ನೇ ಕಲಮು ದೈಹಿಕ ಶಿಕ್ಷೆ ಕೂಡದು ಎಂದಮೇಲೆ ಹೊಡೆತದ ಪ್ರಯೋಗಗಳು ವಿರಳವಾದವು. ಅದಕ್ಕೂ ಮುಂಚಿನ ಒಂದನ್ನು ಇಲ್ಲಿ ದಾಖಲಿಸಬೇಕು. ಒಬ್ಬ ಹುಡುಗ ಮೈಕಿನಲ್ಲಿ, 'ಕನ್ನಡ ಸಾರು ಒಂದು ದಿವಸ ನಂಗೆ ಹುಣಸೆ ಬರಲಲ್ಲಿ ಹೊಡೆದರು, ಅವತ್ತು ಹೊಡೆದಿದ್ದಕ್ಕೇ ನಾನು ಇವತ್ತು ಓದ್ತಾ ಇದೀನಿ' ಎಂದ. ಚಪ್ಪಾಳೆ ಬಿತ್ತು. ಮುಖ್ಯ ಅತಿಥಿಗಳು ನನ್ನ ಕಡೆ ತಿರುಗಿ ತಲೆದೂಗಿದರು. ಆ ದಿವಸ ನನಗೆ ಚೆನ್ನಾಗಿ ನೆನಪಿದೆ. ಪ್ಯಾಸೆಂಜರು ಒಂದೂವರೆ ಗಂಟೆ ತಡವಾಗಿತ್ತು, ತಡವಾಗಿ ಬಂದದ್ದಕ್ಕೆ ಹೆಚ್ಚೆಮ್ಮು ಎಲ್ಲರೆದುರು ಒಂದು ಮಾತು ಆಡಿದ್ದರು, ಕ್ಲಾಸಿಗೆ ಹೋದಾಗ ಕೈಗೆ ಸಿಕ್ಕಿದವನು ಇವನು. ಅವನು ಪದ್ಯ ಬಾಯಿಪಾಠ ಮಾಡಿಕೊಂಡೇ ಬಂದಿದ್ದ. ಪ ಹೋಗಿ ಬ ಬಂದು ಕೂತಿತ್ತು. ನಾನು ಚಪ್ಪಾಳೆ ನಿಲ್ಲುವವರೆಗೆ ಸುಮ್ಮನಿದ್ದೆ, ನಿಂತ ಮೇಲೂ ಸುಮ್ಮನಿದ್ದೆ.

ಪರಿಶಿಷ್ಟವಾಗಿ ಕೊಡುಗೆಗಳನ್ನೂ ವಿಂಗಡಿಸಬಹುದಿತ್ತು, ಆದರೆ ಅವುಗಳಲ್ಲಿ ವೈವಿಧ್ಯವಿಲ್ಲ. ಹೋಗುವ ತಂಡ ಶಾಲೆಗೆ ಏನಾದರೂ ಕೊಡಬೇಕು, ಮತ್ತು ಆ ಏನಾದರೂ ಎಂಬುದು ಗೋಡೆ ಗಡಿಯಾರವೇ. ಸ್ಟಾಫ್ ರೂಮು, ಆಫೀಸು, ಲ್ಯಾಬು ಮುಗಿದು ಈಗ ಸೈಕಲ್ ಸ್ಟ್ಯಾಂಡಿನಲ್ಲೂ ಒಂದಿದೆ. ಎಲ್ಲದರ ಕೆಳಗೂ ತಂಡದ ವರ್ಷ ಬರೆದಿರುವುದರಿಂದ ವರ್ಷ ತಿಳಿಯುತ್ತದೆ, ಗಂಟೆ ತಿಳಿಯುವುದಿಲ್ಲ. ಗಂಟೆಗೆ ಈಗಲೂ ಬೇವಿನ ಮರಕ್ಕೆ ನೇತುಹಾಕಿದ ರೈಲು ಕಂಬಿಯ ತುಂಡೇ ಗತಿ.

ಅನುಪಲಬ್ಧ ಅನಿಸಿಕೆಗಳ ಬಗ್ಗೆಯೂ ಒಂದು ಮಾತು. ಗಂಗರ ಶಿವಮಾರನ ಗಜಾಷ್ಟಕ ಇತ್ತೆಂದು ಗೊತ್ತು, ಅದನ್ನು ಒನಕೆವಾಡಾಗಿ ಹಾಡುತ್ತಿದ್ದರೆಂದೂ ಗೊತ್ತು, ಪಠ್ಯ ಮಾತ್ರ ನಮಗೆ ಸಿಕ್ಕಿಲ್ಲ. 2021ರ ತಂಡದ್ದೂ ಹಾಗೆಯೇ. ಹೊಸ ವರ್ಷದ ದಿನ ಶಾಲೆ ತೆರೆದು, ಏಪ್ರಿಲಿನಲ್ಲಿ ಎರಡನೇ ಅಲೆಗೆ ಮತ್ತೆ ಮುಚ್ಚಿ, ಜುಲೈ 19 ಮತ್ತು 22ರಂದು ಎರಡೇ ದಿನದಲ್ಲಿ ಆರು ವಿಷಯದ ಪರೀಕ್ಷೆ, ಉತ್ತರವೆಂದರೆ ಓಎಂಆರ್ ಹಾಳೆಯಲ್ಲಿ ಸೊನ್ನೆ ತುಂಬುವುದು. ಶಾಮಿಯಾನವಿಲ್ಲ, ಪಲಾವಿಲ್ಲ, ಗ್ರೂಪ್ ಫೋಟೋ ಇಲ್ಲ. ಮುಖಕ್ಕೆ ಮಾಸ್ಕು ಇದ್ದುದರಿಂದ ಕೆಲವರ ಮೂಗು ಹೇಗಿತ್ತೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ಆ ತಂಡದವನೊಬ್ಬ ಮೊನ್ನೆ ತಿಪಟೂರು ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿ, 'ಸಾ, ನಂದು ಅನಿಸಿಕೆ ಬರೆದಿಟ್ಟಿದ್ದೆ, ಹೇಳಕ್ಕೇ ಆಗ್ಲಿಲ್ಲ' ಎಂದ. ಹೇಳು ಎಂದೆ. ಬಸ್ಸು ಬಂತು.

ಉಳಿದದ್ದು ಪ್ರಕೃತಿಭಾವ. ಕೆಲವು ಕಡೆ ಸಂಧಿಗೆ ಎಲ್ಲ ಅನುಕೂಲವಿದ್ದರೂ ಸಂಧಿಯಾಗದೆ ಪದಗಳು ಇದ್ದ ಹಾಗೇ ನಿಂತುಬಿಡುತ್ತವೆ. ಅಯ್ಯೋ + ಇದೇನು ಎಂಬಲ್ಲಿ ಆಗುವ ಹಾಗೆ. ಪಠ್ಯದಲ್ಲಿ ಇದು ನಾಲ್ಕು ಸಾಲು ಮಾತ್ರ, ಪರೀಕ್ಷೆಗೆ ಬರುವುದು ಅಪರೂಪವೆಂದು ನಾನೂ ಓಡಿಸಿಬಿಡುತ್ತಿದ್ದೆ. ಅನಿಸಿಕೆಗಳಲ್ಲಿ ಇದಕ್ಕೆ ನನ್ನ ಬಳಿ ಇರುವುದು ಒಂದೇ ಪ್ರಯೋಗ.

ಪಟ್ಟಿಯ ಹತ್ತೂ ಜನ ಮುಗಿದ ಮೇಲೆ ನಿರೂಪಣೆ ಮಾಡುತ್ತಿದ್ದ ಒಂಬತ್ತನೆಯ ಹುಡುಗಿ, 'ಇನ್ನು ಯಾರಾದರೂ ಅನಿಸಿಕೆ ಹೇಳುವವರಿದ್ದರೆ ಬರಬಹುದು' ಎಂದಳು. ಆ ವಾಕ್ಯಕ್ಕೆ ಯಾರೂ ಬರಬಾರದು ಎಂದೇ ಅರ್ಥ. ಆದರೆ ಹಾಜರಿ ನಂಬರ್ 31 ಎದ್ದಳು. ಮೂರು ವರ್ಷದಲ್ಲಿ 'ಪ್ರೆಸೆಂಟ್ ಸಾ' ಬಿಟ್ಟರೆ ಅವಳ ಬಾಯಿಂದ ನಾನು ಹೆಚ್ಚೇನೂ ಕೇಳಿದವನಲ್ಲ. ಮಡಿಸಿದ ಸೀರೆಗೆ ನಾಲ್ಕು ಪಿನ್ನು ಜಾಸ್ತಿಯೇ ಚುಚ್ಚಿಕೊಂಡಿದ್ದಳು. ಮೈಕನ್ನು ಬ್ಯಾಟರಿ ಹಿಡಿದ ಹಾಗೆ ಹಿಡಿದು, ಯಾರನ್ನೂ ಪೂಜ್ಯರೇ ಎನ್ನದೆ, ಹೇಳಿದಳು:

'ನನ್ನ ಜಾಮಿಟ್ರಿ ಬಾಕ್ಸಿಂದ ಕೈವಾರ ಯಾರೋ ತಗೊಂಡಿದೀರ. ಎಂಟನೇ ಕ್ಲಾಸಿಂದ ಅದೇ ಇದ್ದಿದ್ದು, ತಿರುಪಿಗೆ ಕೆಂಪು ದಾರ ಸುತ್ತಿದೆ. ಪರೀಕ್ಷೆ ಒಳಗೆ ವಾಪಸ್ ಕೊಡಿ. ನಮಸ್ಕಾರ.'

ಚಪ್ಪಾಳೆ ಹೊಡೆಯಬೇಕೋ ಬೇಡವೋ ಗೊತ್ತಾಗದೆ ಶಾಮಿಯಾನ ಗಪ್‌ಚುಪ್ ಆಯಿತು. ಆಮೇಲೆ ವಂದನಾರ್ಪಣೆ, ಪಲಾವು, ಮೊಸರು ಬಜ್ಜಿ.

ಹಾಲ್ ಟಿಕೆಟ್ ಕೊಡುವ ದಿನ ಬೆಳಿಗ್ಗೆ ಕ್ಲಾಸಿನ ಬೀಗ ತೆಗೆದಾಗ ಅವಳ ಡೆಸ್ಕಿನ ಮೇಲೆ ಕಿಟಕಿಯಿಂದ ಕೈಹಾಕಿ ಇಟ್ಟ ನಾಲ್ಕು ಕೈವಾರ ಇದ್ದವು. ಒಂದಕ್ಕೆ ಅಂಗಡಿಯ ಬೆಲೆಚೀಟಿ ಕಿತ್ತಿರಲಿಲ್ಲ. ಒಂದಕ್ಕೆ ತಿರುಪೇ ಇರಲಿಲ್ಲ. ಕೆಂಪು ದಾರ ಯಾವುದಕ್ಕೂ ಇರಲಿಲ್ಲ. ಅವಳು ನಾಲ್ಕನ್ನೂ ತಿರುಗಿಸಿ ನೋಡಿ, ಹೊಸದನ್ನು ಬಿಟ್ಟು, ತುಕ್ಕು ಹಿಡಿದ ಒಂದಕ್ಕೆ ಪೆನ್ಸಿಲ್ ಸಿಕ್ಕಿಸಿ, ಆಗತಾನೆ ಕೈಗೆ ಬಂದ ಹಾಲ್ ಟಿಕೆಟ್ಟಿನ ಬೆನ್ನಿಗೆ ಮೊನೆ ಊರಲು ಹೋದಳು.

'ಅದರ ಮೇಲೆ ಬೇಡ ಕಣಮ್ಮ' ಎಂದು ನನ್ನ ಡೈರಿಯಿಂದ ಒಂದು ಹಾಳೆ ಹರಿದುಕೊಟ್ಟೆ. ಮೊದಲ ಸುತ್ತು ಕೂಡಲಿಲ್ಲ. ಎರಡನೆಯದು ಕೂಡಿತು. ಮಿಕ್ಕ ಮೂರು ಕೈವಾರ ನನ್ನ ಮೇಜಿನ ಖಾನೆಯಲ್ಲಿವೆ, ಇದುವರೆಗೆ ಯಾರೂ ಕೇಳಿಕೊಂಡು ಬಂದಿಲ್ಲ.