ಮೆಣಸಿನಗಿಡದ ಬಾಣಂತನ

ಅಕ್ಟೋಬರ್ ಕಳೆಯುತ್ತಿದ್ದಂತೆ ಇಂಗ್ಲೆಂಡಿನ ನಮ್ಮ ಕನ್ನಡದ ಮನೆಗಳಲ್ಲಿ ಒಂದು ಬಾಣಂತನ ಶುರುವಾಗುತ್ತದೆ. ಬಾಣಂತಿ ಬೇರೆ ಯಾರೂ ಅಲ್ಲ, ಹಿತ್ತಲಿನ ಕುಂಡದ ಮೆಣಸಿನಗಿಡ. ಸಾರಿನಪುಡಿಗೆಂದು ಊರಿಂದ ಬಂದ ಬ್ಯಾಡಗಿಯನ್ನು ಕೊಡವಿದಾಗ ಉದುರಿದ ಬೀಜದ್ದು. ‘ಪಾಪ, ಅದಕ್ಕೆ ಚಳಿ ಆಗತ್ತೆ ಕಣ್ರೀ’ ಎಂದು ಮನೆಯಾಕೆ ಅದನ್ನೆತ್ತಿ ಒಳಗೆ ತರುತ್ತಾಳೆ. ಸ್ವೆಟರಿಲ್ಲದೆ ಕಸದ ಡಬ್ಬ ಹೊರಗಿಡಲು ಹೋದ ಗಂಡನ ಬಗ್ಗೆ ಚಕಾರವಿಲ್ಲ.

ಹಾಗಂತ ಅವಳ ಭಯ ಸುಳ್ಳಲ್ಲ. ಹೊಲದಲ್ಲಿ ಫಸಲು ಮುಗಿದೊಡನೆ ಕಿತ್ತು ಹಾಕುವುದನ್ನು ನೋಡಿ ಮೆಣಸಿನಗಿಡದ ಆಯುಸ್ಸೇ ಅಷ್ಟು ಎಂದುಕೊಂಡಿದ್ದೇವೆ. ಬಿಟ್ಟರೆ ಅದು ಹಲವು ವರ್ಷ ಬಾಳುತ್ತದೆ. ಆದರೆ ಇಲ್ಲಿ ಇಬ್ಬನಿ ಹೆಪ್ಪುಗಟ್ಟುವ ಒಂದೇ ರಾತ್ರಿ ಸಾಕು, ಬೆಳಗಾಗುವಷ್ಟರಲ್ಲಿ ಎಲೆಯೆಲ್ಲ ಕಪ್ಪಾಗಿ ಜೋತುಬಿದ್ದಿರುತ್ತದೆ. ಹಬನೆರೋ ಜಾತಿಯದಂತೂ ಮಹಾ ಸೋಮಾರಿ. ಕಾಯಿ ಹಣ್ಣಾಗುವ ಹೊತ್ತಿಗೆ ಇಲ್ಲಿ ಬೇಸಿಗೆಯೇ ಮುಗಿದಿರುತ್ತದೆ.

ತಕರಾರು ಇರುವುದು ಬಾಣಂತನದ ರೀತಿಯಲ್ಲಿ. ರೇಡಿಯೇಟರಿನ ಪಕ್ಕ ಬೆಚ್ಚಗೆ ಕೂರಿಸಿ, ದಿನಾ ನೀರು ಕೊಟ್ಟು, ಸಾಂಬ್ರಾಣಿ ಹೊಗೆ ಒಂದು ಬಾಕಿ! ಬಿಸಿ ಹೆಚ್ಚು, ಬೆಳಕು ಕಡಿಮೆ ಆದರೆ ಬಿಳಿಚಿಕೊಂಡ ಉದ್ದುದ್ದ ಚಿಗುರು ಬರುತ್ತದೆ, ಅದರ ತುಂಬ ಗಿಡಹೇನು. ಆ ಹೇನನ್ನು ತಿನ್ನಲು ಒಳಗೆ ಗುಲಗಂಜಿ ಹುಳುವೂ ಇಲ್ಲ.

ನಿಜವಾಗಿ ಬೇಕಾದದ್ದು ಕತ್ತರಿ ಮತ್ತು ಕಲ್ಲುಮನಸ್ಸು. ಕಾಂಡ ಕವಲೊಡೆದ ಜಾಗದಿಂದ ಒಂದಿಷ್ಟೇ ಮೇಲಕ್ಕೆ ಬಿಟ್ಟು ಉಳಿದದ್ದನ್ನು ಕತ್ತರಿಸಿ, ಎಲೆ ಕಾಯಿ ಎಲ್ಲ ತೆಗೆದು, ಬೇರಿನ ಹಳೇ ಮಣ್ಣು ತೊಳೆದು, ಹೊಸ ಮಣ್ಣಿನ ಚಿಕ್ಕ ಕುಂಡಕ್ಕೆ ಹಾಕಬೇಕು. ಆಮೇಲೆ ಹೀಟರ್ ಹಾಕದ, ಸೂಟ್‌ಕೇಸ್ ಪೇರಿಸಿಟ್ಟ ಕೋಣೆಯ ಕಿಟಕಿ. ಹತ್ತು-ಹನ್ನೆರಡು ಡಿಗ್ರಿ ಇದ್ದರೆ ಸಾಕು. ಮಣ್ಣು ಒಣಗಿದರೆ ಮಾತ್ರ ಒಂದು ಗುಟುಕು ನೀರು.

ಇದನ್ನು ಅತ್ತೆಗೆ ಹೇಳಿ ನೋಡೋಣ! ಆರು ತಿಂಗಳ ವೀಸಾ ಮುಗಿಸಿ ದಾವಣಗೆರೆಗೆ ಹೋದವರು ವಿಡಿಯೋ ಕಾಲ್‌ನಲ್ಲಿ ಮೊಮ್ಮಗನಿಗಿಂತ ಮೊದಲು ಗಿಡ ಕೇಳುತ್ತಾರೆ. ಬೋಳು ಕಡ್ಡಿ ಕಂಡೊಡನೆ, ‘ನೀರು ಹಾಕ್ತೀಯೋ ಇಲ್ವೋ?’ ಸೊಸೆ ಥಟ್ಟನೆ ಫೋನನ್ನು ಮಗುವಿನತ್ತ ತಿರುಗಿಸುತ್ತಾಳೆ.

ಚಳಿ ಕೊಂಚ ತಡೆಯುವ ಜಾತಿಯೂ ಉಂಟು. ಆಂಡಿಸ್ ಬೆಟ್ಟಗಳ ರೊಕೊಟೊ: ನೇರಳೆ ಹೂವು, ರೋಮದ ಎಲೆ, ಕಪ್ಪು ಬೀಜ. ಬೀಜದ ಬಣ್ಣ ನೋಡಿದ ಅತ್ತೆಯ ತೀರ್ಪು: ‘ಇದು ಮೆಣಸಿನಕಾಯೇ ಅಲ್ಲ.’

ಮಾರ್ಚಿನಲ್ಲಿ ಬಿಸಿಲು ಏರಿದಂತೆ ಕಿಟಕಿಯ ಆ ಬೋಳು ಕಡ್ಡಿಯ ಗಿಣ್ಣುಗಳಲ್ಲಿ ಹಸಿರು ಚುಕ್ಕೆ ಮೂಡುತ್ತದೆ. ಬೀಜದಿಂದ ಎಬ್ಬಿಸಿದ ಗಿಡಕ್ಕಿಂತ ವಾರಗಟ್ಟಲೆ ಮುಂಚೆ ಕಾಯಿ ಬಿಡುತ್ತದೆ. ಅಷ್ಟರಲ್ಲಿ ಹೊಸ ವೀಸಾ ಹಿಡಿದು ಬಂದಿಳಿದ ಅತ್ತೆ ನೆರೆಮನೆಯಾಕೆಗೆ ವಿವರಿಸುತ್ತಿರುತ್ತಾರೆ: ‘ನಾನು ಫೋನಲ್ಲಿ ದಿನಾ ಹೇಳಿ ನೀರು ಹಾಕಿಸಿದ್ದಕ್ಕೇ ಉಳ್ಕೊಂಡಿದ್ದು.’