ಒಂಬತ್ತೂವರೆ ದಿನದ ದಸರಾ

ಉಡುಪಿ ಜಿಲ್ಲೆಯ ಪಾದೂರಿನಲ್ಲಿ ಬಂಡೆ ಕೊರೆದು ಮಾಡಿದ ಗುಹೆಯೊಳಗೆ ದೇಶದ ಆಪದ್ಧನವಿದೆ. ಚಿನ್ನವಲ್ಲ, ಕಚ್ಚಾತೈಲ. ಅಲ್ಲಿ 25 ಲಕ್ಷ ಟನ್ ಹಿಡಿಸುತ್ತದೆ, ಮಂಗಳೂರಿನಲ್ಲಿ 15 ಲಕ್ಷ, ವಿಶಾಖಪಟ್ಟಣದಲ್ಲಿ 13.3 ಲಕ್ಷ. ಅಜ್ಜಿ ಸಾಸಿವೆ ಡಬ್ಬಿಯಲ್ಲಿ ಬಚ್ಚಿಟ್ಟ ದುಡ್ಡಿನ ಹಾಗೆ ಕಷ್ಟಕಾಲಕ್ಕೆಂದು ಇಟ್ಟದ್ದು. ಮೂರೂ ಕಡೆ ಕಂಠಮಟ್ಟ ತುಂಬಿದ್ದರೆ ದೇಶ ಎಷ್ಟು ದಿನ ತಳ್ಳಬಹುದೆಂದು ಸರ್ಕಾರವೇ ಲೆಕ್ಕ ಹಾಕಿದೆ: ಸುಮಾರು 9.5 ದಿನ.

ಆ ಅರ್ಧ ದಿನ ನನಗೆ ಬಹಳ ಇಷ್ಟವಾಯಿತು. ಪಾಡ್ಯದ ದಿನ ಕೊಲ್ಲಿಯಿಂದ ಹಡಗು ಬರುವುದು ನಿಂತಿತು ಅಂದುಕೊಳ್ಳಿ. ಒಂಬತ್ತೂ ದಿನ ಮನೆಮನೆಯ ಗೊಂಬೆ ನೋಡಲು ಕಾರಿನಲ್ಲೇ ಓಡಾಡಬಹುದು. ಆಯುಧಪೂಜೆಗೆ ಸ್ಕೂಟರ್ ತೊಳೆದು, ಚಕ್ರದಡಿ ನಿಂಬೆಹಣ್ಣಿಟ್ಟು, ಒಂದು ಸುತ್ತು ಹಾಕಿ ಬರಬಹುದು. ವಿಜಯದಶಮಿಯ ಮಧ್ಯಾಹ್ನ, ಜಂಬೂಸವಾರಿ ಹೊರಡುವ ಹೊತ್ತಿಗೆ ಸರಿಯಾಗಿ ತಳ ಕಾಣುತ್ತದೆ. ಅಂಬಾರಿಗೇನೂ ತೊಂದರೆಯಿಲ್ಲ, ಆನೆ ಹುಲ್ಲು ತಿಂದು ನಡೆಯುತ್ತದೆ. ನೋಡಲು ಬಂದವರು ಊರಿಗೆ ಮರಳುವುದು ಹೇಗೆನ್ನುವುದಷ್ಟೇ ಪ್ರಶ್ನೆ.

ತೈಲ ಕಂಪನಿಗಳ ಟ್ಯಾಂಕುಗಳನ್ನೂ ಸೇರಿಸಿದರೆ 74 ದಿನವಾಗುತ್ತದೆ ಎಂದು ದೆಹಲಿ ಸಮಾಧಾನ ಹೇಳುತ್ತದೆ. ಶೆಟ್ಟರ ಅಂಗಡಿಯ ಅಕ್ಕಿ ಮೂಟೆಗಳನ್ನು ನಮ್ಮ ಅಡುಗೆಮನೆಯ ಲೆಕ್ಕಕ್ಕೆ ಹಿಡಿದರೆ ನಾವೂ ಅನುಕೂಲಸ್ಥರೇ. ಇನ್ನು ಮಂಗಳೂರಿನ ಗುಹೆಯಲ್ಲಿ ಒಂದು ಪಾಲನ್ನು ಅಬುಧಾಬಿಯ ರಾಷ್ಟ್ರೀಯ ತೈಲ ಕಂಪನಿಗೆ ಬಿಟ್ಟುಕೊಟ್ಟೆವು. ಎಣ್ಣೆ ಅವರದು, ಗುಹೆ ನಮ್ಮದು. ಆಪತ್ತು ಬಂದರೆ ಮೊದಲ ಹಕ್ಕು ನಮಗಂತೆ. ಡಬ್ಬಿ ಅಜ್ಜಿಯದು, ಒಳಗಿನ ದುಡ್ಡು ಪಕ್ಕದ ಮನೆಯವರದು.

ಸ್ವಾವಲಂಬನೆಯ ಶಪಥ ಮಾಡುವುದರಲ್ಲಿ ಅಮೆರಿಕವೇ ನಮ್ಮ ಹಿರಿಯಣ್ಣ. ಅರಬ್ ದೇಶಗಳು ನಲ್ಲಿ ತಿರುಗಿಸಿದ ಮರುತಿಂಗಳು, 1973ರ ನವೆಂಬರ್‌ನಲ್ಲಿ ಅಧ್ಯಕ್ಷ ನಿಕ್ಸನ್ ಟಿ.ವಿ. ಮುಂದೆ ಕೂತು, ಆ ದಶಕ ಮುಗಿಯುವಷ್ಟರಲ್ಲಿ ಇಂಧನಕ್ಕಾಗಿ ಯಾರ ಮುಂದೂ ಕೈಯೊಡ್ಡುವುದಿಲ್ಲ ಎಂದರು. ದಶಕ ಮುಗಿಯಿತು, ಚಾಚಿದ ಕೈ ಹಾಗೇ ಇತ್ತು. ಕಾರ್ಟರ್ 1979ರಲ್ಲಿ ಶ್ವೇತಭವನದ ಮಾಡಿನ ಮೇಲೆ ಸೌರಫಲಕ ಹಾಕಿಸಿದರು. ರೇಗನ್ ಕಾಲಕ್ಕೆ ಮಾಡು ರಿಪೇರಿಯ ನೆಪದಲ್ಲಿ ಕೆಳಗಿಳಿದವು ಮತ್ತೆ ಹತ್ತಲೇ ಇಲ್ಲ.

ನಮ್ಮ ಶಪಥ 2015ರದು. ಆಗ ನಾವು ಬಳಸುವ ತೈಲದಲ್ಲಿ ಆಮದಿನ ಪಾಲು ಶೇ 77ರ ಆಸುಪಾಸಿನಲ್ಲಿತ್ತು. 2022ಕ್ಕೆ ಅದನ್ನು ಹತ್ತು ಇಳಿಸಿ 67ಕ್ಕೆ ತರುತ್ತೇವೆ ಎಂದರು ಪ್ರಧಾನಿ. 2022–23ರಲ್ಲಿ ಅದು 87 ದಾಟಿತ್ತು. ಹತ್ತು ಎಂಬ ಅಂಕಿಯಲ್ಲಿ ತಪ್ಪೇನಿಲ್ಲ, ನೋಡಿ. ಮೈನಸ್ ಹಾಕಬೇಕಾದ ಜಾಗದಲ್ಲಿ ಪ್ಲಸ್ ಬಿತ್ತು ಅಷ್ಟೆ.

ಯಾರಿಂದ ಕೊಳ್ಳಬೇಕೆನ್ನುವುದಕ್ಕೂ ಪಂಚಾಂಗ ಇದೆ, ಅದು ಅಚ್ಚಾಗುವುದು ವಾಷಿಂಗ್ಟನ್‌ನಲ್ಲಿ. ಇರಾನ್ ಬೇಡ ಎಂದರು. ಇರಾನಿನ ತೈಲಕ್ಕೇ ಒಗ್ಗಿಹೋಗಿದ್ದ ಮಂಗಳೂರಿನ ರಿಫೈನರಿ 2019ರಲ್ಲಿ ಬಾಯಿ ರುಚಿ ಬದಲಿಸಿಕೊಂಡಿತು. ಉಕ್ರೇನ್ ಯುದ್ಧ ಶುರುವಾದ ಮೇಲೆ, ರಷ್ಯದ ತೈಲವನ್ನು 60 ಡಾಲರಿನೊಳಗೆ ಕೊಂಡರೆ ದೋಷವಿಲ್ಲ ಎಂಬ ಮುಹೂರ್ತ ಬಂತು. ಶೇ 2 ಕೂಡ ಇರದಿದ್ದ ರಷ್ಯದ ಪಾಲು ಮೂರರಲ್ಲೊಂದನ್ನು ಮೀರಿತು. ಧಾರೆ ಎರೆದ ಮೇಲೆ ಹೆಣ್ಣಿನ ಗೋತ್ರ ಬದಲಾಗುತ್ತದಲ್ಲ, ಹಾಗೆ ಆ ತೈಲ ನಮ್ಮ ರಿಫೈನರಿಯಲ್ಲಿ ಕುದಿದು ಭಾರತೀಯ ಗೋತ್ರದ ಡೀಸೆಲ್ ಆಗಿ ಯುರೋಪಿನ ಮಡಿವಂತರ ಮನೆ ಸೇರಿತು. 2025ರ ಆಗಸ್ಟ್‌ನಲ್ಲಿ ಟ್ರಂಪ್ ಪಂಚಾಂಗ ತಿದ್ದಿದರು: ರಷ್ಯದ ತೈಲ ಕೊಂಡ ಪಾಪಕ್ಕೆ ಶೇ 25 ಹೆಚ್ಚುವರಿ ಸುಂಕ. ನಮಗಿಂತ ಹೆಚ್ಚು ಕೊಳ್ಳುತ್ತಿದ್ದ ಚೀನಾಕ್ಕೆ ಮಾತ್ರ ಆ ಪಾಪ ಅಂಟಲಿಲ್ಲ.

ಇಷ್ಟೆಲ್ಲ ಜಾಗತಿಕ ಗದ್ದಲ ನಮ್ಮೂರ ಬಂಕಿಗೆ ತಲುಪುವುದು ಮಾತ್ರ ಚುನಾವಣೆಯ ದಿನಾಂಕ ನೋಡಿಕೊಂಡು. 2017ರಿಂದ ಬೆಲೆ ದಿನವೂ ಮಾರುಕಟ್ಟೆಯಂತೆ ಬದಲಾಗುತ್ತದೆ ಎಂದಿದ್ದರು. 2018ರ ವಿಧಾನಸಭಾ ಚುನಾವಣೆಗೆ ಮುಂಚೆ 19 ದಿನ ಅದು ಅಲ್ಲಾಡಲಿಲ್ಲ. ಮಾರುಕಟ್ಟೆಗೂ ನೀತಿಸಂಹಿತೆ ಜಾರಿಯಾಗಿತ್ತು. ಮೇ 12ಕ್ಕೆ ಮತ ಹಾಕಿದೆವು, 14ಕ್ಕೆ ಅದಕ್ಕೆ ಎಚ್ಚರವಾಯಿತು. 2020ರ ಏಪ್ರಿಲ್ 20ರಂದು ಅಮೆರಿಕದಲ್ಲಿ ಕಚ್ಚಾತೈಲದ ವಾಯಿದೆ ಬೆಲೆ ಸೊನ್ನೆಗಿಂತ ಕೆಳಗಿಳಿಯಿತು, ತಗೊಂಡು ಹೋಗಿ ಪುಣ್ಯ ಕಟ್ಟಿಕೊಳ್ಳಿ ಎಂದು ಮೇಲೆ ದುಡ್ಡು ಕೊಡುತ್ತಿದ್ದರು. ಎರಡು ವಾರ ಕಳೆದು ಕೇಂದ್ರ ಸರ್ಕಾರ ಪೆಟ್ರೋಲಿಗೆ 10 ರೂಪಾಯಿ, ಡೀಸೆಲ್‌ಗೆ 13 ರೂಪಾಯಿ ಸುಂಕ ಏರಿಸಿತು. ಗುಹೆ ತುಂಬುವುದಕ್ಕೂ ಖಜಾನೆ ತುಂಬುವುದಕ್ಕೂ ಅಂಥ ಒಳ್ಳೆಯ ಕಾಲ ಮತ್ತೆ ಬಂದಿಲ್ಲ.

ಈ ದೇಶದ ಇಂಧನ ನೀತಿಯಲ್ಲಿ ಐವತ್ತು ವರ್ಷದಿಂದ ಕೆಟ್ಟು ನಿಲ್ಲದ ವಾಹನ ಒಂದೇ. ನಿಕ್ಸನ್ ಶಪಥ ಮಾಡಿದ ಅದೇ 1973ರ ನವೆಂಬರ್‌ನಲ್ಲಿ ವಾಜಪೇಯಿ ಪೆಟ್ರೋಲ್ ದರ ಏರಿಕೆ ಖಂಡಿಸಿ ಎತ್ತಿನ ಗಾಡಿಯಲ್ಲಿ ಸಂಸತ್ತಿಗೆ ಬಂದರು. 2021ರ ಸೆಪ್ಟೆಂಬರ್‌ನಲ್ಲಿ ಸಿದ್ದರಾಮಯ್ಯ, ಡಿ.ಕೆ. ಶಿವಕುಮಾರ್ ಅದೇ ಕಾರಣಕ್ಕೆ ಎತ್ತಿನ ಗಾಡಿಯಲ್ಲಿ ವಿಧಾನಸೌಧಕ್ಕೆ ಬಂದರು. 2024ರ ಜೂನ್‌ನಲ್ಲಿ, ಲೋಕಸಭೆಯ ಮತ ಎಣಿಕೆ ಮುಗಿದು ಹತ್ತು ಹನ್ನೊಂದು ದಿನಕ್ಕೆ, ಅವರದೇ ಸರ್ಕಾರ ತೆರಿಗೆ ಏರಿಸಿ ಪೆಟ್ರೋಲಿಗೆ 3 ರೂಪಾಯಿ ಸೇರಿಸಿತು. ಬೀದಿಗಿಳಿಯುವ ಸರದಿ ಈ ಸಲ ವಾಜಪೇಯಿಯವರ ಪಕ್ಷದ್ದು.

ಆ ಗಾಡಿ ಈಗ ಯಾರ ಹಿತ್ತಲಲ್ಲಿದೆಯೋ, ದಯವಿಟ್ಟು ಕೀಲೆಣ್ಣೆ ಹಾಕಿಟ್ಟಿರಿ. ದಶಮಿಯ ಸಂಜೆ ಮೈಸೂರಿನಿಂದ ಊರಿಗೆ ಹೋಗುವವರು ಬಹಳ ಜನ ಇರುತ್ತೇವೆ.