ಐಕಾನಿನ ಸುತ್ತಲಿನ ಖಾಲಿ ಜಾಗ

ಕಂಪ್ಯೂಟರಿನ ಕಿಟಕಿಯ ಎಡ ಮೂಲೆಯಲ್ಲಿ ಒಂದು ಪುಟ್ಟ ಚಿತ್ರ ಕೂತಿರುತ್ತದೆ. ಅದನ್ನು ಬೇಕೆಂದೇ ನೋಡಿದವರನ್ನು ನಾನು ಕಂಡಿಲ್ಲ. ಆದರೆ ಅದರ ಸುತ್ತ ಬಿಳಿ ಚೌಕವೊಂದು ಕಾಣಿಸಿಕೊಂಡಿತೋ, ಎಲ್ಲರಿಗೂ ಕಣ್ಣು ಬಂದುಬಿಡುತ್ತದೆ. ಪ್ರೋಗ್ರಾಮಿನ ಕೂಡು-ಕಳೆ ತಪ್ಪಿದರೂ ಸುಮ್ಮನಿದ್ದ ಗ್ರಾಹಕ, "ಇದೇನ್ರೀ, ಐಕಾನ್ ಹಿಂದೆ ಬಿಳಿ ಕಾಗದ ಅಂಟಿಸಿದ್ದೀರಿ?" ಎಂದು ಫೋನ್ ಮಾಡುತ್ತಾನೆ.

ಕಂಪ್ಯೂಟರಿಗೆ ದುಂಡಗಿನ ಚಿತ್ರ ಎಂಬುದೇ ಇಲ್ಲ. ಹಣತೆಯಾಗಲಿ ಹೂವಾಗಲಿ, ಅದರ ಕೈಗೆ ಸಿಗುವುದು ಚೌಕವೇ. ಆ ಚೌಕದಲ್ಲಿ ಯಾವ ಚುಕ್ಕೆ ಚಿತ್ರ, ಯಾವುದು ಬರೀ ಜಾಗ ಎಂದು ಬಿಡಿಸಿ ಹೇಳಬೇಕು. ಹಾಗೆ ಹೇಳಲು ಜೊತೆಗೆ ಕಳಿಸುವ ಇನ್ನೊಂದು ಚಿತ್ರವೇ ಮಾಸ್ಕ್: ಚುಕ್ಕೆಗೊಂದು ಬಿಟ್, ಸೊನ್ನೆ ಇಲ್ಲವೇ ಒಂದು. ಹಬ್ಬದ ಹಿಂದಿನ ದಿನ ಗಾಂಧಿಬಜಾರಿನಲ್ಲಿ ಮಾರುವ ರಂಗೋಲಿ ಅಚ್ಚಿನದೂ ಇದೇ ಕೆಲಸ. ತೂತಿದ್ದಲ್ಲಿ ಪುಡಿ ಇಳಿಯುತ್ತದೆ, ಇಲ್ಲದಲ್ಲಿ ನೆಲ ನೆಲವಾಗಿಯೇ ಉಳಿಯುತ್ತದೆ.

1984ರ ಮ್ಯಾಕಿಂಟಾಷ್‌ಗೆ ಸೂಸನ್ ಕೇರ್ ಗ್ರಾಫ್ ಹಾಳೆಯ ಮನೆಗಳನ್ನು ತುಂಬಿ ತುಂಬಿ ಐಕಾನ್ ಬರೆದರು. 32ಕ್ಕೆ 32 ಚುಕ್ಕೆ, ಅಂದರೆ 128 ಬೈಟ್. ಆ ಯಂತ್ರದಲ್ಲಿ ಐಕಾನಿನ ಮಾಸ್ಕಿಗೂ 128 ಬೈಟೇ. ಮೆಮೊರಿಗೆ ಚಿನ್ನದ ಬೆಲೆ ಇದ್ದ ಕಾಲದಲ್ಲಿ, ಇರುವುದಕ್ಕೆ ಎಷ್ಟೋ ಇಲ್ಲದ್ದಕ್ಕೂ ಅಷ್ಟೇ ಪಾಲು! ಈ ಧಾರಾಳತನ ನನಗೆ ಬಹಳ ಹಿಡಿಸಿದೆ.

ಇಷ್ಟಕ್ಕೇ ನಿಂತಿದ್ದರೆ ಚೆನ್ನಿತ್ತು. ಆದರೆ ಒಂದು ಎಂದರೇನು ಎಂಬಲ್ಲೇ ಊರಿಗೊಂದು ಪದ್ಧತಿ. ಯುನಿಕ್ಸ್ ಕಡೆಯ ಎಕ್ಸ್ ವಿಂಡೋ ವ್ಯವಸ್ಥೆಯಲ್ಲಿ ಮಾಸ್ಕಿನ ಒಂದು "ತೋರಿಸು" ಎನ್ನುತ್ತದೆ. ಮೈಕ್ರೋಸಾಫ್ಟ್ ವಿಂಡೋಸ್‌ನಲ್ಲಿ ಅದೇ ಒಂದು "ಹಿಂದಿನದನ್ನು ಮುಟ್ಟಬೇಡ" ಎನ್ನುತ್ತದೆ. ಅಲ್ಲಿಯದನ್ನು ಇಲ್ಲಿ ತಂದು ಹಾಕಿ ನೋಡಿ, ಹೂವು ಕೆಟ್ಟು ಅದರ ಸುತ್ತಲಿನ ಖಾಲಿ ಜಾಗ ಠೀವಿಯಿಂದ ಕೂತಿರುತ್ತದೆ. ಬಿಟ್ ಜೋಡಿಸುವ ದಿಕ್ಕಿನಲ್ಲೂ ತಕರಾರು: ಎಕ್ಸ್‌ಬಿಎಂ ಎಂಬ ಎಕ್ಸ್‌ನ ಚಿತ್ರಕಡತದಲ್ಲಿ ಬೈಟಿನ ಅತಿ ಕಿರಿಯ ಬಿಟ್ ಎಡಕ್ಕೆ, ಎಸ್‌ಡಿಎಲ್ ಲೈಬ್ರರಿಯ ಹಳೆಯ ಆವೃತ್ತಿಯ ಮಾಸ್ಕಿನಲ್ಲಿ ಅತಿ ಹಿರಿಯದು ಎಡಕ್ಕೆ. ಮರೆತರೆ ಎಂಟೆಂಟು ಚುಕ್ಕೆಗಳ ಗುಂಪು ಗುಂಪೇ ಎಡಬಲ ಅದಲುಬದಲಾಗುತ್ತದೆ.

ವಿಂಡೋಸಿನ ಲೆಕ್ಕ ಮಾತ್ರ ಜಾಣತನದ್ದು. ಪರದೆಯ ಚುಕ್ಕೆಗೆ ಮೊದಲು ಮಾಸ್ಕಿನ ಜೊತೆ ಆಂಡ್, ಆಮೇಲೆ ಬಣ್ಣದ ಜೊತೆ ಎಕ್ಸಾರ್ ಎಂಬ ಬಿಟ್-ಲೆಕ್ಕಗಳು. ಮಾಸ್ಕ್ ಸೊನ್ನೆಯಾದರೆ ಅಲ್ಲಿದ್ದದ್ದು ಅಳಿಸಿಹೋಗಿ ಐಕಾನಿನ ಬಣ್ಣ ಬಂದು ಕೂರುತ್ತದೆ. ಮಾಸ್ಕ್ ಒಂದಾಗಿ ಬಣ್ಣ ಕಪ್ಪಾದರೆ ಹಿಂದಿನದು ಅಲ್ಲಾಡುವುದಿಲ್ಲ. ಮಾಸ್ಕ್ ಒಂದು, ಬಣ್ಣ ಬಿಳಿ? ಆಗ ಪರದೆಯೇ ತಿರುವುಮುರುವು. ಕಪ್ಪು ಬಿಳಿಯಾಗುತ್ತದೆ, ಬಿಳಿ ಕಪ್ಪಾಗುತ್ತದೆ. ಅಕ್ಷರಗಳ ಮೇಲೆ ಓಡಾಡುವ ಕಡ್ಡಿಯಂಥ ಮೌಸ್ ಕರ್ಸರ್ ಬಿಳಿ ಪುಟದಲ್ಲೂ ಕಪ್ಪು ಪುಟದಲ್ಲೂ ಎದ್ದು ಕಾಣುವುದು ಈ ಉಪಾಯದಿಂದಲೇ. ನಟ್ಟನಡುವಿನ ಬೂದು ಬಣ್ಣ ಎದುರಾದರೆ ಮಾತ್ರ ಆಟ ನಡೆಯದು. 128ರ ತಿರುವು 127. ಆ ವ್ಯತ್ಯಾಸ ಕಾಣಲು ಮನುಷ್ಯನ ಕಣ್ಣು ಸಾಲದು.

ಒಂದೇ ಬಿಟ್ ಎಂದಮೇಲೆ ಅರೆಪಾರದರ್ಶಕದ ಮಾತೇ ಇಲ್ಲ. ಹಾಗಾಗಿ ದುಂಡಗಿನದರ ಅಂಚೆಲ್ಲ ಗರಗಸ. 2001ರ ವಿಂಡೋಸ್ ಎಕ್ಸ್‌ಪಿ ಐಕಾನುಗಳಿಗೆ 256 ಹಂತಗಳ ಪಾರದರ್ಶಕತೆ, ಅಂದರೆ ಆಲ್ಫಾ, ಕೊಟ್ಟು ಅಂಚನ್ನು ನಯ ಮಾಡಿತು. ಹಾಗಂತ ಮಾಸ್ಕೇನೂ ಮನೆ ಖಾಲಿ ಮಾಡಲಿಲ್ಲ. ನಮ್ಮ ತಂಡಕ್ಕೆ ಹೊಸದಾಗಿ ಸೇರಿದ ಹುಡುಗಿ ಒಂದು ಐಕಾನ್ ಕಡತವನ್ನು ಬಿಚ್ಚಿ ಕೂತಿದ್ದಳು.

"ಸರ್, ಐಕಾನ್ ಇರೋದು 32. ಇದರಲ್ಲಿ ಎತ್ತರ 64 ಅಂತ ಇದೆ. ಬಗ್ ಅಲ್ವಾ?"

"ಅಲ್ಲಮ್ಮ, ಚಿತ್ರದ ಎತ್ತರಕ್ಕೆ ಮಾಸ್ಕಿನ ಎತ್ತರಾನೂ ಸೇರಿಸಿ ಬರೀತಾರೆ."

"ಆಲ್ಫಾ ಇದೆಯಲ್ಲ, ಇನ್ನೂ ಮಾಸ್ಕ್ ಯಾಕೆ?"

"ಹಳೇ ಪ್ರೋಗ್ರಾಮುಗಳಿಗೆ ಆಲ್ಫಾ ತಿಳಿಯಲ್ಲ."

ಎಕ್ಸ್‌ನ ಕತೆಯನ್ನೂ ಹೇಳಿದೆ. ಅಲ್ಲಿ ಐಕಾನ್, ಮಾಸ್ಕ್ ಎರಡನ್ನೂ ನಾವು ಕಿಟಕಿಗಳ ಉಸ್ತುವಾರಿ ನೋಡುವ ವಿಂಡೋ ಮ್ಯಾನೇಜರಿಗೆ ಒಪ್ಪಿಸುವುದು ಬರೀ ಸೂಚನೆಯಾಗಿ. ಬಿಟ್ ಬಿಟ್ಟಾಗಿ ತಿದ್ದಿ ತೀಡಿ ಕೊಟ್ಟರೂ ಬಳಸುವುದು, ಬಿಡುವುದು ಅದರ ಇಷ್ಟ. ಬಿಟ್ಟರೆ ಯಾಕೆ ಬಿಟ್ಟೆ ಎಂದು ಹೇಳುವ ಕಟ್ಟುಪಾಡೂ ಅದಕ್ಕಿಲ್ಲ.

"ಹೆಸರೇ ಮ್ಯಾನೇಜರ್ ಅಲ್ವಾ ಸರ್," ಎಂದಳು.